ಟೈಯ ಸಣ್ಣ ತುದಿ

ಅಪ್ಪ ಹೋದ ಮೇಲೆ ಅವರ ಅಂಗಿ, ಪ್ಯಾಂಟುಗಳನ್ನು ಕೊಟ್ಟುಬಿಡುವುದು ಅಷ್ಟೇನೂ ಕಷ್ಟ ಆಗಲಿಲ್ಲ. ಯಾರಿಗೋ ಆಗುತ್ತವೆ, ಯಾರೋ ಹಾಕಿಕೊಳ್ಳುತ್ತಾರೆ ಅಂತ ಮನಸ್ಸು ಒಪ್ಪಿತು. ಚಪ್ಪಲಿ ಕೊಟ್ಟೆವು, ಕೊಡೆ ಕೊಟ್ಟೆವು. ಉಳಿದದ್ದು ಟೈಗಳು. ಒಟ್ಟು 14. ಬೀರುವಿನ ಬಾಗಿಲ ಒಳಗಡೆ ಒಂದು ಕಂಬಿಯ ಮೇಲೆ ಸಾಲಾಗಿ ನೇತಾಡುತ್ತಿದ್ದವು. ಕೆಲಸಕ್ಕೆ ಹೋಗುವಷ್ಟು ವರ್ಷವೂ ಅಪ್ಪ ದಿನಾ ಬೆಳಿಗ್ಗೆ ಆ ಕಂಬಿಯ ಮುಂದೆ ಒಂದು ನಿಮಿಷ ನಿಂತು, ಒಂದನ್ನು ಎಳೆದುಕೊಂಡು, ಕನ್ನಡಿ ನೋಡದೇ ಕಟ್ಟಿಕೊಳ್ಳುತ್ತಿದ್ದರು. ನಮ್ಮ ಮನೆಯಲ್ಲಿ ಈಗ ಟೈ ಕಟ್ಟುವವರು ಯಾರೂ ಇಲ್ಲ. ಕೊಡೋಣ ಅಂದರೆ ಕೇಳಿದವರೂ ಇಲ್ಲ. ಎರಡು ವರ್ಷ ಹೀಗೇ ಆಯಿತು. ಬಾಗಿಲು ತೆಗೆಯುವುದು, ಒಮ್ಮೆ ಕೈಯಾಡಿಸುವುದು, ಮುಚ್ಚುವುದು.

ಒಂದು ದಿನ ನನ್ನ ಐದು ವರ್ಷದ ಮಗ ಅದರಲ್ಲಿ ಒಂದನ್ನು ಎಳೆದು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ. ಹಿಂದೆ ಬಾಲದ ಹಾಗೆ ಉದ್ದಕ್ಕೆ ಬಿಟ್ಟುಕೊಂಡು ಕೋಣೆಯಿಂದ ಕೋಣೆಗೆ ಓಡುತ್ತಿದ್ದ. ನಾನು ಕೂಗಿಬಿಟ್ಟೆ. "ಅದು ಅಜ್ಜಂದು, ಮುಟ್ಬೇಡ!" ಅವನು ಅಲ್ಲೇ ನಿಂತ. ಟೈ ತೆಗೆದು ನನ್ನ ಕೈಗೆ ಕೊಟ್ಟ. ಏನೂ ಮಾತಾಡಲಿಲ್ಲ. ಅವತ್ತು ರಾತ್ರಿ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ. ಅಜ್ಜನ ಹೆಗಲ ಮೇಲೆ ಕೂತು ಅವರ ಕೂದಲು ಎಳೆಯುತ್ತಿದ್ದ ಹುಡುಗ ಅವನು. ಅಜ್ಜನ ಕೂದಲು ಎಳೆಯಬಹುದಿತ್ತು, ಅಜ್ಜನ ಟೈ ಮುಟ್ಟಬಾರದು. ಯಾರೂ ಹಾಕಿಕೊಳ್ಳದ, ಯಾರೂ ಮುಟ್ಟದ ಒಂದು ವಸ್ತುವನ್ನು ನಾನು ಯಾರಿಗಾಗಿ ಕಾಯುತ್ತಿದ್ದೇನೆ ಅಂತ ಆ ರಾತ್ರಿಯೇ ಮೊದಲ ಸಲ ಯೋಚಿಸಿದ್ದು.

ಹಳೇ ಬಟ್ಟೆಯಿಂದ ಮಕ್ಕಳಿಗೆ ಏನಾದರೂ ಹೊಲಿಯಬೇಕು ಅಂದರೆ ಹೆಣ್ಣುಮಕ್ಕಳಿಗೆ ನೂರು ದಾರಿ ಇದೆ. ಒಂದು ಗೇಣು ಚೆಂದದ ಬಟ್ಟೆ ಸಿಕ್ಕರೆ ಹೇರ್ ಬ್ಯಾಂಡ್ ಆಗುತ್ತೆ, ರಿಬ್ಬನ್ ಆಗುತ್ತೆ, ಗೊಂಬೆಗೊಂದು ಲಂಗ ಆಗುತ್ತೆ. ಗಂಡುಮಕ್ಕಳ ವಿಷಯ ಬಂದಾಗ ಕೈ ಅಲ್ಲೇ ನಿಲ್ಲುತ್ತೆ. ಟೋಪಿ, ಬೆಲ್ಟು, ಆಮೇಲೆ? ಗಂಡುಹುಡುಗರಿಗೆ ಬಣ್ಣ, ಹೊಳಪು, ನುಣುಪು ಬೇಡ ಅಂತ ಯಾರೋ ಮೊದಲೇ ತೀರ್ಮಾನ ಮಾಡಿದ ಹಾಗಿದೆ. ನನ್ನ ಮಗನಿಗೆ ಹೊಳೆಯುವ ಬಟ್ಟೆ ಅಂದರೆ ಬಹಳ ಇಷ್ಟ. ಆ ದಿನ ಅವನು ಬಾಲ ಮಾಡಿಕೊಂಡಿದ್ದು ಸಾಲಿನಲ್ಲೇ ಅತಿ ಹೆಚ್ಚು ಹೊಳೆಯುತ್ತಿದ್ದ ಟೈಯನ್ನು. ಗಂಡಸರ ಬಟ್ಟೆಗಳಲ್ಲಿ ಬಣ್ಣಕ್ಕೆ, ರೇಷ್ಮೆಗೆ ಜಾಗ ಇರುವುದು ಹೆಚ್ಚಾಗಿ ಟೈಯಲ್ಲೇ ಅಲ್ವಾ? ಅದು ಬೀರುವಿನಲ್ಲಿ ನೇತಾಡುತ್ತಿತ್ತು, ಬಣ್ಣ ಬೇಕಾದ ಹುಡುಗ ಕೆಳಗೆ ನಿಂತಿದ್ದ.

ಬಿಚ್ಚಿದಾಗ ಕಂಡದ್ದು

ಮೊದಲು ಬಿಚ್ಚಿದ್ದು ಕಡುನೀಲಿಯ ಮೇಲೆ ಬೂದು ಪಟ್ಟೆ ಇದ್ದ ಟೈ. ಅದನ್ನೇ ಆರಿಸಿಕೊಂಡದ್ದಕ್ಕೆ ಕಾರಣ ಇಷ್ಟೇ: ಅದನ್ನು ಅಪ್ಪ ಹಾಕಿಕೊಂಡದ್ದು ನನಗೆ ಅಷ್ಟು ನೆನಪಿರಲಿಲ್ಲ. ಮೇಜಿನ ಮೇಲೆ ಬೆನ್ನು ಮೇಲೆ ಮಾಡಿ ಹಾಸಿದೆ. ಹೊರಗಿನಿಂದ ನೋಡಿದರೆ ಟೈ ಒಂದೇ ಉದ್ದನೆಯ ಪಟ್ಟಿ. ಬೆನ್ನ ಕಡೆ ಎರಡೂ ತುದಿಯ ಹತ್ತಿರ ಒಂದೊಂದು ಗಟ್ಟಿಯಾದ ಅಡ್ಡ ಹೊಲಿಗೆ ಇರುತ್ತೆ. ಅದನ್ನು ಸೂಜಿಯ ಮೊನೆಯಿಂದ ಎತ್ತಿ ಕತ್ತರಿಸಿದೆ. ಮಡಿಕೆಯ ಅಂಚನ್ನು ಸ್ವಲ್ಪ ಅಗಲಿಸಿದಾಗ ಒಳಗೆ ಸಡಿಲವಾದ ಒಂದು ದಾರ ಕಂಡಿತು. ತುದಿಯಲ್ಲಿ ಅದು ಒಂದು ಸಣ್ಣ ಕುಣಿಕೆಯಾಗಿ ಸುಮ್ಮನೆ ಬಿದ್ದಿತ್ತು. ಹೊಲಿದವರು ಮರೆತು ಬಿಟ್ಟಿದ್ದಾರೇನೋ ಅಂದುಕೊಂಡೆ. ಮರೆತದ್ದಲ್ಲ, ಬೇಕು ಅಂತಲೇ ಬಿಟ್ಟದ್ದು. ಟೈಯ ಬೆನ್ನನ್ನು ಉದ್ದಕ್ಕೂ ಹಿಡಿದಿರುವುದು ಆ ಒಂದೇ ದಾರ. ಕಟ್ಟುವಾಗ, ಬಿಚ್ಚುವಾಗ ಟೈ ಸ್ವಲ್ಪ ಹಿಗ್ಗಬೇಕು, ಮತ್ತೆ ತನ್ನ ಅಳತೆಗೆ ಬರಬೇಕು. ಅದಕ್ಕೆ ದಾರವೂ ಜೊತೆಗೆ ಸರಿಯಬೇಕು. ಆ ಸರಿದಾಟಕ್ಕೆ ಅಂತ ಇಟ್ಟ ಉಳಿತಾಯ ಅದು. ಒಂದು ಕಡೆ ಗಂಟು ಕತ್ತರಿಸಿ ಇನ್ನೊಂದು ಕಡೆಯಿಂದ ಎಳೆದೆ. ಎಲ್ಲೂ ಸಿಕ್ಕದೆ, ಸರ್‍ರನೆ ಪೂರ್ತಿ ಬಂತು. ಕೈಯಲ್ಲಿ ನನಗಿಂತ ಉದ್ದದ ಒಂದು ನೀಲಿ ದಾರ. ಎಷ್ಟು ವರ್ಷ ಅಪ್ಪ ಎಳೆದು ಬಿಗಿದದ್ದನ್ನೆಲ್ಲ ಆ ದಾರ ತಾನೊಂದೇ ತಡೆದುಕೊಂಡಿತ್ತು. ಅದನ್ನು ಒಂದು ಕಾಗದಕ್ಕೆ ಸುತ್ತಿ ಹೊಲಿಗೆ ಡಬ್ಬಿಯಲ್ಲಿ ಇಟ್ಟಿದ್ದೇನೆ.

ದಾರ ಹೋದ ಮೇಲೆ ಟೈ ತಾನಾಗಿಯೇ ಅರಳಿತು. ಒಳಗೆ ಉಣ್ಣೆಯ ದಪ್ಪ ಕ್ಯಾನ್ವಾಸು, ಎರಡು ತುದಿಯಲ್ಲಿ ನುಣುಪಾದ ಅಸ್ತರು. ಹೊರಗಿನ ರೇಷ್ಮೆ ಒಂದೇ ತುಂಡಲ್ಲ, ಮೂರು ತುಂಡು ಸೇರಿಸಿದ್ದು. ಬಟ್ಟೆಯನ್ನು ಕತ್ತರಿಸಿದ್ದು ಓರೆಯಾಗಿ, ಟೈಲರುಗಳು ಕ್ರಾಸ್ ಕಟಿಂಗ್ ಅನ್ನುತ್ತಾರಲ್ಲ, ಹಾಗೆ. ನೇರ ಕತ್ತರಿಸಿದ ಬಟ್ಟೆ ಕಟ್ಟಿದ ಮೇಲೆ ತಿರುಚಿಕೊಳ್ಳುತ್ತೆ, ಗಂಟು ಬಿದ್ದಲ್ಲಿ ಸವೆಯುತ್ತೆ. 45 ಡಿಗ್ರಿ ಓರೆಯಲ್ಲಿ ಕತ್ತರಿಸಿದ್ದು ಎಳೆದರೆ ಬಗ್ಗುತ್ತೆ, ಬಿಟ್ಟರೆ ನೆಟ್ಟಗಾಗುತ್ತೆ. ಹೀಗೆ ಓರೆಯಾಗಿ ಕತ್ತರಿಸಿ ಮೂರು ತುಂಡು ಜೋಡಿಸುವ ಕ್ರಮ ಬಂದದ್ದು 1920ರ ದಶಕದಲ್ಲಿ, ನ್ಯೂಯಾರ್ಕಿನ ಜೆಸ್ಸಿ ಲ್ಯಾಂಗ್ಸ್‌ಡಾರ್ಫ್ ಅನ್ನುವ ಟೈ ತಯಾರಕನಿಂದ. ಆ ತುಂಡನ್ನು ಮೇಜಿನ ಮೇಲೆ ಸ್ವಲ್ಪ ತಿರುಗಿಸಿ, ನೂಲಿನ ಎಳೆಗಳು ನೇರ ಬರುವ ಹಾಗೆ ಇಟ್ಟು ನೋಡಿದೆ. ಇಷ್ಟು ವರ್ಷ ಓರೆಯಾಗಿ ಕಂಡ ಬೂದು ಪಟ್ಟೆಗಳು ಗೆರೆ ಹಾಕಿದಷ್ಟು ನೇರ ನಿಂತವು. ಪಟ್ಟೆಗಳನ್ನು ನೇಯ್ದದ್ದೇ ನೇರವಾಗಿ. ಅಪ್ಪನ ಎದೆಯ ಮೇಲೆ ಅವು ಓರೆಯಾಗಿದ್ದವು, ಅಷ್ಟೇ.

ಇದನ್ನು ನೋಡಿದ ಮೇಲೆ ನನ್ನ ಭಯ ಅರ್ಧ ಹೋಯಿತು ಅಂತಲೇ ಹೇಳಬೇಕು. ಅಲ್ಲಿಯವರೆಗೂ ಟೈ ಅನ್ನುವುದು ಕತ್ತರಿ ತಾಗಬಾರದ ಒಂದು ಪೂರ್ಣ ವಸ್ತು ಅಂತ ಮನಸ್ಸಿನಲ್ಲಿತ್ತು. ಬಿಚ್ಚಿದರೆ ಅದೂ ತುಂಡುಗಳೇ. ಹಿಂದಕ್ಕೆ ಹೋದರೆ, 17ನೇ ಶತಮಾನದಲ್ಲಿ ಕ್ರೊಯೇಷಿಯಾದ ಸೈನಿಕರು ಫ್ರಾನ್ಸಿಗೆ ಬಂದಾಗ ಕೊರಳಿಗೆ ಸುತ್ತಿಕೊಂಡಿದ್ದ ಬಟ್ಟೆಯಿಂದ ಈ ಪದ್ಧತಿ ಹಬ್ಬಿತು. ಅದಕ್ಕೆ ಕ್ಯಾನ್ವಾಸೂ ಇಲ್ಲ, ಮೊನೆಯೂ ಇಲ್ಲ, ಸುಮ್ನೆ ಒಂದು ಬಟ್ಟೆ. ಅಲ್ಲಿಂದ ಇಲ್ಲಿಗೆ ಬರುವಷ್ಟರಲ್ಲಿ ಅದು ಎಷ್ಟೋ ರೂಪ ಬದಲಿಸಿದೆ. ನನ್ನ ಮೇಜಿನ ಮೇಲೆ ಇನ್ನೊಂದು ರೂಪ ತಾಳಿದರೆ ತಪ್ಪೇನು?

ಆಮೇಲೆ ಇನ್ನೊಂದು ಕಣ್ಣಿಗೆ ಬಿತ್ತು. ಟೈಯ ಅಗಲ ತುದಿ ಎಂಟೂವರೆ ಸೆಂಟಿಮೀಟರ್ ಇತ್ತು. ಹಿಂದೆ ಅವಿತಿರುವ ಸಣ್ಣ ತುದಿ ನಾಲ್ಕು ಸೆಂಟಿಮೀಟರಿಗೂ ಕಡಿಮೆ. ಆ ಸಣ್ಣ ತುದಿಯನ್ನು ಮಗನ ಅಂಗಿಯ ಮೇಲೆ ಇಟ್ಟು ನೋಡಿದೆ. ಐದು ವರ್ಷದ ಹುಡುಗನ ಎದೆಗೆ ಅದೇ ಸರಿಯಾದ ಅಗಲ! ಒಂದು ಹೊಲಿಗೆಯನ್ನೂ ಒಳಗೆ ತೆಗೆದುಕೊಳ್ಳಬೇಕಿಲ್ಲ. ಅಪ್ಪ ದಿನವೂ ಅಗಲ ತುದಿಯ ಹಿಂದೆ ಅಡಗಿಸಿ, ಹಿಂದಿನ ಪಟ್ಟಿಗೆ ಸಿಕ್ಕಿಸಿ, ಯಾರಿಗೂ ಕಾಣದಂತೆ ಇಟ್ಟುಕೊಂಡಿದ್ದ ಭಾಗ. ಬಿಸಿಲು ತಾಗಿಲ್ಲ, ಊಟದ ಕಲೆ ಇಲ್ಲ, ಬಣ್ಣ ಹೊಸದರ ಹಾಗೇ ಇದೆ.

ಕತ್ತರಿ ಹಾಕುವ ಮುಂಚೆ

ನನ್ನ ಹಾಗೆ ಬೀರುವಿನಲ್ಲಿ ಟೈ ಇಟ್ಟುಕೊಂಡು ಯೋಚಿಸುತ್ತಿರುವವರು ಇದ್ದೀರಿ ಅಂತ ಗೊತ್ತು, ಹಾಗಾಗಿ ನಾನು ಕಲಿತದ್ದನ್ನು ಬರೆಯುತ್ತೇನೆ. ಟೈಯನ್ನು ಬಿಚ್ಚುವ ಮುಂಚೆ ಒಗೆಯಬೇಡಿ. ಒಳಗಿನ ಉಣ್ಣೆ ಒಂದು ಅಳತೆಗೆ ಕುಗ್ಗುತ್ತೆ, ಹೊರಗಿನ ರೇಷ್ಮೆ ಇನ್ನೊಂದು ಅಳತೆಗೆ, ಇಡೀ ಟೈ ಸುಕ್ಕಾಗಿ ಮುದುಡುತ್ತೆ. ಬಿಚ್ಚಿದ ಮೇಲೆ ರೇಷ್ಮೆಯನ್ನು ಮಾತ್ರ ತಣ್ಣೀರಿನಲ್ಲಿ, ಒಂದೆರಡು ಹನಿ ಸೌಮ್ಯವಾದ ಶಾಂಪೂ ಹಾಕಿ ಅದ್ದಿ ತೆಗೆಯಬೇಕು. ಹಿಂಡಬಾರದು. ಟವೆಲಿನ ಮೇಲೆ ಹಾಸಿ ಸುರುಳಿ ಸುತ್ತಿ ಒತ್ತಿದರೆ ನೀರು ಹೋಗುತ್ತೆ. ಕೆಂಪು, ಕಡುನೀಲಿ ಬಣ್ಣಗಳು ಬಿಡುವುದು ಜಾಸ್ತಿ. ಮೊದಲೇ ಒಂದು ಮೂಲೆಯನ್ನು ಒದ್ದೆ ಮಾಡಿ ಬಿಳಿ ಬಟ್ಟೆಯ ಮೇಲೆ ಒತ್ತಿ ನೋಡಿ. ನೆರಳಿನಲ್ಲಿ ಒಣಗಿಸಿ, ಇನ್ನೂ ಸ್ವಲ್ಪ ತೇವ ಇರುವಾಗಲೇ ಹಿಂಬದಿಯಿಂದ, ಮೇಲೊಂದು ಹತ್ತಿ ಬಟ್ಟೆ ಹಾಸಿ, ಕಡಿಮೆ ಕಾವಿನಲ್ಲಿ ಇಸ್ತ್ರಿ ಮಾಡಿದರೆ ಮಡಿಕೆ ಗೆರೆಗಳು ಹೋಗುತ್ತವೆ. ಎಲ್ಲವೂ ರೇಷ್ಮೆಯೇ ಆಗಿರಬೇಕು ಅಂತಿಲ್ಲ. ಲೇಬಲ್ ಹೋಗಿದ್ದರೆ ಅಂಚಿನಿಂದ ಎರಡು ಎಳೆ ದಾರ ತೆಗೆದು, ಚಿಮಟದಲ್ಲಿ ಹಿಡಿದು ಸುಟ್ಟು ನೋಡಿ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತೆ, ಬೂದಿ ಬೆರಳಲ್ಲಿ ಪುಡಿಯಾಗುತ್ತೆ. ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿ ಮಣಿಯ ಹಾಗೆ ಉಳಿಯುತ್ತೆ. ಪಾಲಿಯೆಸ್ಟರ್ ಟೈಯನ್ನು ಕೀಳಾಗಿ ನೋಡಬೇಕಿಲ್ಲ, ಓಡಾಡುವ ಮಕ್ಕಳಿಗೆ ಅದೇ ಹೆಚ್ಚು ಬಾಳಿಕೆ ಬರುತ್ತೆ.

ಓರೆ ಕಟಿಂಗಿನ ರೇಷ್ಮೆ ಕೈಯಲ್ಲಿ ನಿಲ್ಲುವುದಿಲ್ಲ. ಕತ್ತರಿಸುವಾಗ ಒಂದು ಅಳತೆ, ಹೊಲಿಯುವಾಗ ಇನ್ನೊಂದು ಅಳತೆ. ಹಿಂಬದಿಗೆ ತೆಳ್ಳನೆಯ ಫ್ಯೂಸಿಂಗ್, ಅಂದರೆ ಇಸ್ತ್ರಿ ಮಾಡಿದರೆ ಅಂಟಿಕೊಳ್ಳುವ ಒಳಬಟ್ಟೆ, ಅಂಟಿಸಿದ ಮೇಲೆಯೇ ಕತ್ತರಿ ಹಾಕಿ. ಗುಂಡುಪಿನ್ನು ಚುಚ್ಚಿದರೆ ತೂತು ಹಾಗೇ ಉಳಿಯುತ್ತೆ, ಅದರ ಬದಲು ಕ್ಲಿಪ್ಪು ಹಾಕಿ. ಮೆಷಿನ್ನಿಗೆ 9 ಅಥವಾ 11ನೇ ನಂಬರಿನ ಸಣ್ಣ ಸೂಜಿ ಸಾಕು. ಇನ್ನೊಂದು ಮಾತು: ಹಳೇ ರೇಷ್ಮೆಯನ್ನು ನಂಬುವ ಮುಂಚೆ ಎರಡು ಕೈಯಿಂದ ಹಿಡಿದು ಮೆಲ್ಲಗೆ ಎಳೆದು ನೋಡಿ. ಬೆವರು, ಬಿಸಿಲು ಎರಡೂ ರೇಷ್ಮೆಯ ಬಲ ತಿನ್ನುತ್ತವೆ. 14ರಲ್ಲಿ ಎರಡು ನನ್ನ ಕೈಯಲ್ಲೇ ಮಡಿಕೆಯ ಗೆರೆಯ ಉದ್ದಕ್ಕೂ ಬಿರಿದವು. ಅವು ಏನೂ ಆಗಲಿಲ್ಲ. ಅಪ್ಪನ ಅತಿ ಹಳೇ ಟೈ, 1970ರ ದಶಕದ ಅಗಲ ಟೈಗಳ ಕಾಲದ್ದು, ಮಾತ್ರ ಗಟ್ಟಿಮುಟ್ಟಾಗಿತ್ತು. ಆ ಕಾಲದ ಟೈ ಸಿಕ್ಕರೆ ಬಿಡಬೇಡಿ, ಬಟ್ಟೆ ಧಾರಾಳವಾಗಿ ಸಿಗುತ್ತೆ.

"ಕಚ್ಚುತ್ತೆ ಅಮ್ಮಾ"

ಮೊದಲು ಮಾಡಿದ್ದು ಬೋ ಟೈ. ನೀಲಿ ಟೈಯ ಅಗಲ ಭಾಗದಿಂದ 22 ಸೆಂಟಿಮೀಟರ್ ಉದ್ದ, 11 ಅಗಲದ ತುಂಡು ತೆಗೆದು, ಮಡಿಸಿ ಹೊಲಿದು, ನಡುವೆ ಹಿಡಿದು ನೆರಿಗೆ ಮಾಡಿ, ಮೇಲೊಂದು ಸಣ್ಣ ಪಟ್ಟಿ ಸುತ್ತಿದೆ. ಕೊರಳಿಗೆ ತೆಳ್ಳನೆಯ ಇಲಾಸ್ಟಿಕ್. ಶಾಲೆಯ ವಾರ್ಷಿಕೋತ್ಸವಕ್ಕೆ ಬಿಳಿ ಅಂಗಿಯ ಮೇಲೆ ಅದನ್ನು ಹಾಕಿ ಕರೆದುಕೊಂಡು ಹೋದೆ. ಅಮ್ಮನೂ ಜೊತೆಗಿದ್ದಳು. ಅವಳು ನೋಡಿ ಏನೂ ಹೇಳಲಿಲ್ಲ, ಅವನ ಕಾಲರನ್ನು ಎರಡು ಸಲ ಸರಿ ಮಾಡಿದಳು. ಹತ್ತು ನಿಮಿಷ ಆಗಿರಬೇಕು, ಹುಡುಗ ಬೆರಳು ಹಾಕಿ ಎಳೆಯಲು ಶುರು ಮಾಡಿದ. "ಕಚ್ಚುತ್ತೆ ಅಮ್ಮಾ, ತೆಗೀ." ನಾನು ಹೇಳಿದೆ, "ಅಜ್ಜಂದು ಕಣೋ ಅದು. ಸ್ವಲ್ಪ ಹೊತ್ತು ಹಾಕ್ಕೋ. ಅಜ್ಜ ನೋಡಿದ್ರೆ ಎಷ್ಟು ಖುಷಿಪಡ್ತಿದ್ರು." ಅವನು ಕೈ ಇಳಿಸಿದ. ಕಣ್ಣಲ್ಲಿ ನೀರು ತುಂಬಿಕೊಂಡು ಸುಮ್ಮನೆ ನಿಂತ. ಆಗ ಅಮ್ಮ ಬಗ್ಗಿ ಆ ಬೋ ಟೈಯನ್ನು ತೆಗೆದಳು. ಇಲಾಸ್ಟಿಕ್ ಇದ್ದ ಜಾಗದಲ್ಲಿ ಕೊರಳ ಸುತ್ತ ಕೆಂಪು ಗೆರೆ ಎದ್ದಿತ್ತು. "ಅವರೂ ಮನೆಗೆ ಬಂದ ತಕ್ಷಣ ಮೊದಲು ಟೈ ತೆಗೀತಿದ್ರು ಕಣೇ, ಚಪ್ಪಲಿಗಿಂತ ಮುಂಚೆ" ಅಂದಳು. ಹುಡುಗ ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ವೇದಿಕೆ ಹತ್ತಿದ, ಹಿಡಿದುಕೊಂಡೇ ಇಳಿದ.

ಆ ಕೆಂಪು ಗೆರೆ ನನಗೆ ಇವತ್ತಿಗೂ ಕಣ್ಣ ಮುಂದೆ ಇದೆ. ಟೈ ಮುಟ್ಟಬೇಡ ಅಂದಾಗಲೂ ಅಜ್ಜನ ಹೆಸರು, ತೆಗೆಯಬೇಡ ಅಂದಾಗಲೂ ಅಜ್ಜನ ಹೆಸರು. ನನಗೆ ಬೇಕಾಗಿದ್ದದ್ದು ಅಪ್ಪ. ಅದಕ್ಕೆ ಅವನ ಕೊರಳನ್ನು ಬಳಸಿಕೊಂಡೆ. ದೊಡ್ಡವರ ಟೈಯಿಂದ ಮಕ್ಕಳಿಗೆ ಏನೇ ಮಾಡಿದರೂ ಅದು ಮೊದಲು ಆ ಮಗುವಿನ ಮೈಗೆ ಹಿತವಾಗಿರಬೇಕು. ಅದು ಯಾರದ್ದಾಗಿತ್ತು ಅನ್ನುವ ಮಾತು ಆಮೇಲಿನದು. ಪುಟ್ಟ ಹುಡುಗನನ್ನು ಪುಟ್ಟ ಗಂಡಸಿನಂತೆ ಸಿಂಗರಿಸಿ ಫೋಟೊ ತೆಗೆಯುವುದರ ಬಗ್ಗೆಯೂ ನನಗೆ ಈಗ ಮೊದಲಿನಷ್ಟು ಆಸೆ ಉಳಿದಿಲ್ಲ.

ಕೊರಳಿನ ವಿಷಯದಲ್ಲಿ ಹಿತ ಒಂದೇ ಅಲ್ಲ, ಅಪಾಯವೂ ಇದೆ. ಮಕ್ಕಳ ಬಟ್ಟೆಯ ಕೊರಳಿನ ದಾರ ಜಾರುಬಂಡೆಯಲ್ಲಿ ಸಿಕ್ಕಿಕೊಂಡು ಜೀವ ಹೋದ ಘಟನೆಗಳು ಆದ ಮೇಲೆ ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗ 1996ರಲ್ಲಿ ಮಕ್ಕಳ ಮೇಲುಡುಪಿನ ಕೊರಳಿಗೆ, ಅದಕ್ಕೇ ಸೇರಿದ ಟೋಪಿಗೆ ಎಳೆದಾರ (ಎಳೆದು ಬಿಗಿಯುವ ದಾರ) ಬೇಡ ಅಂತ ಸೂಚನೆ ಹೊರಡಿಸಿತು. ಯುರೋಪಿನ ಇಎನ್ 14682 ಮಾನದಂಡವೂ ಏಳು ವರ್ಷದೊಳಗಿನ ಮಕ್ಕಳ ಬಟ್ಟೆಯ ಕೊರಳಲ್ಲಿ ಎಳೆದಾರ ಇರಬಾರದು ಅನ್ನುತ್ತೆ. ಟೈ ಅನ್ನುವುದೂ ಕೊರಳಿಗೆ ಕಟ್ಟಿದ ಹಗ್ಗದ ಹಾಗೇ ತಾನೆ? ಆದ್ದರಿಂದ ಮಕ್ಕಳಿಗೆ ನಿಜವಾದ ಗಂಟು ಹಾಕಿ ಬಿಗಿಯುವ ಟೈ ಮಾಡಲೇಬೇಡಿ. ಗಂಟನ್ನು ಮೊದಲೇ ಹೊಲಿದಿಟ್ಟು, ಕೊರಳ ಪಟ್ಟಿಗೆ ಹಿಂದೆ ಸಣ್ಣ ವೆಲ್ಕ್ರೊ ಹಾಕಿ. ಎಲ್ಲಾದರೂ ಸಿಕ್ಕಿ ಎಳೆದರೆ ಅದು ತಾನಾಗಿ ಬಿಟ್ಟುಕೊಳ್ಳಬೇಕು. ಇಡೀ ಸುತ್ತಿಗೆ ಇಲಾಸ್ಟಿಕ್ ಹಾಕಿದ್ದೇ ನಾನು ಮಾಡಿದ ದೊಡ್ಡ ತಪ್ಪು. ಮೂರು ವರ್ಷದೊಳಗಿನ ಮಗುವಿಗಂತೂ ಕೊರಳಿಗೆ ಏನೂ ಬೇಡ, ಗುಂಡಿ, ಮಣಿಗಳೂ ಬೇಡ. ಆಟಿಕೆಗಳನ್ನು ಪರೀಕ್ಷಿಸುವ ಕೊಳವೆಯ ಬಾಯಿ 3.17 ಸೆಂಟಿಮೀಟರ್ ಅಗಲ ಇರುತ್ತೆ. ಅದರೊಳಗೆ ಪೂರ್ತಿ ಇಳಿಯುವಂಥದ್ದು ಆ ವಯಸ್ಸಿನವರ ಗಂಟಲಿಗೆ ಅಪಾಯ ಅಂತ ಲೆಕ್ಕ. ಅಂಗಿಯ ಗುಂಡಿ ಅದರಲ್ಲಿ ಎಷ್ಟು ಸುಲಭವಾಗಿ ಇಳಿಯಬಹುದು ನೀವೇ ಯೋಚಿಸಿ.

ಕಲ್ಲಿನ ಚೀಲ

ಮುಂದಿನ ಸಲ ನಾನೇನೂ ತೀರ್ಮಾನ ಮಾಡಲಿಲ್ಲ. ಹಸಿರು ಬಣ್ಣದ, ಸಣ್ಣ ಸಣ್ಣ ಚುಕ್ಕಿಯ ಒಂದು ಟೈಯನ್ನು ನೆಲದ ಮೇಲೆ ಹಾಸಿ ಮಗನನ್ನು ಕರೆದೆ. "ಇದರಿಂದ ನಿಂಗೆ ಏನು ಬೇಕು?" ಅವನು ನನ್ನ ಮುಖ ನೋಡಿದ. ನಿಜವಾಗಿ ಕೇಳುತ್ತಿದ್ದೇನಾ ಅಂತ ಖಾತ್ರಿ ಮಾಡಿಕೊಂಡ. ಆಮೇಲೆ ಟೈಯ ಪಕ್ಕ ಉದ್ದಕ್ಕೆ ಮಲಗಿ ಅಳತೆ ನೋಡಿದ. ಅವನಿಗಿಂತ ಟೈಯೇ ಉದ್ದ. ಎದ್ದು ಕೂತು ಅಗಲ ತುದಿಯನ್ನು ಕೈಯಲ್ಲಿ ಹಿಡಿದು ಮೇಲಕ್ಕೆ ಮಡಿಸಿದ, ಬಿಟ್ಟ, ಮತ್ತೆ ಮಡಿಸಿದ. "ಇದು ಮುಚ್ಚಳ" ಅಂದ. ಮೊನೆಯಿರುವ ಆ ತುದಿ ನಿಜಕ್ಕೂ ಚೀಲದ ಮುಚ್ಚಳದ ಹಾಗೇ ಇತ್ತು. ಅಷ್ಟು ವರ್ಷ ನೋಡಿದ ನನಗೆ ಅದು ಕಂಡಿರಲಿಲ್ಲ. "ಇದರಲ್ಲಿ ಕಲ್ಲು ಇಟ್ಕೋಬೇಕು. ಓಡಿದ್ರೆ ಬೀಳಬಾರದು."

ಆ ಟೈ 148 ಸೆಂಟಿಮೀಟರ್ ಇತ್ತು. ಬಿಚ್ಚಿ, ಒಗೆದು, ಇಸ್ತ್ರಿ ಮಾಡಿ, ಮೂರು ಪಾಲು ಮಾಡಿದೆ. ಅಗಲ ತುದಿಯಿಂದ 30 ಸೆಂಟಿಮೀಟರ್ ಚೀಲಕ್ಕೆ. ಒಳಗೆ ಅದರದ್ದೇ ಉಣ್ಣೆ ಕ್ಯಾನ್ವಾಸನ್ನು ಮತ್ತೆ ಇಟ್ಟು ಟೈಯ ಹಳೇ ಆಕಾರಕ್ಕೇ ಮಡಿಸಿ, ಕೆಳಗಿನಿಂದ 11 ಸೆಂಟಿಮೀಟರ್ ಮೇಲಕ್ಕೆ ತಂದು ಎರಡೂ ಬದಿ ಹೊಲಿದೆ. ಮೊನೆಯ ತುದಿ ಮೇಲಿನಿಂದ ಬಗ್ಗಿ ಮುಚ್ಚಳವಾಯಿತು, ಅದರ ಅಡಿಯಲ್ಲಿ ಒಂದು ಟಿಚ್ ಬಟನ್. ಬೆನ್ನ ಕಡೆ ಟೈಯಲ್ಲಿ ಮೊದಲೇ ಇದ್ದ ಪಟ್ಟಿಯನ್ನು, ಸಣ್ಣ ತುದಿಯನ್ನು ಸಿಕ್ಕಿಸಿಕೊಳ್ಳುವುದಕ್ಕೆ ಇರುತ್ತಲ್ಲ ಅದನ್ನು, ಬಿಚ್ಚಿ ಉದ್ದಕ್ಕೆ ತಿರುಗಿಸಿ ಗಟ್ಟಿಯಾಗಿ ಹೊಲಿದೆ. ಬೆಲ್ಟು ಅದರೊಳಗೆ ತೂರುತ್ತೆ. ನಡುವಿನ 73 ಸೆಂಟಿಮೀಟರ್ ಬೆಲ್ಟಿಗೆ. ಅವನ ಸೊಂಟ 53, ಉಳಿದದ್ದು ಹಿಡಿಯುವುದಕ್ಕೆ, ಬೆಳೆಯುವುದಕ್ಕೆ. ಅಗಲ ಜಾಸ್ತಿ ಇದ್ದ ಕಡೆ ಬಟ್ಟೆಯನ್ನು ಇನ್ನಷ್ಟು ಒಳಗೆ ಮಡಿಸಿ ಉದ್ದಕ್ಕೂ ಒಂದೇ ಅಗಲ ಮಾಡಿಕೊಂಡು, ಒಂದು ತುದಿಗೆ ಎರಡು ಡಿ-ರಿಂಗು (ಇಂಗ್ಲಿಷಿನ D ಆಕಾರದ ಉಂಗುರ) ಹಾಕಿದೆ. ಬಕಲ್ ಬೇಡ, ತೂತು ಬೇಡ, ಅವನೇ ಎಳೆದು ಬಿಗಿದುಕೊಳ್ಳುತ್ತಾನೆ. ಅಪ್ಪನ ಗಂಟು ಬೀಳುತ್ತಿದ್ದ ಜಾಗ ಬಂದದ್ದು ಈ ಬೆಲ್ಟಿನಲ್ಲೇ. ಎಷ್ಟು ಇಸ್ತ್ರಿ ಮಾಡಿದರೂ ಅಲ್ಲಿ ಎರಡು ಓರೆ ಗೆರೆ ಉಳಿದವು. ಬಿಟ್ಟೆ. ಕೊನೆಯ 45 ಸೆಂಟಿಮೀಟರ್, ಆ ಸಣ್ಣ ತುದಿ, ಒಂದು ಪುಟ್ಟ ಟೈ ಆಯಿತು. ಹಿಂದೆ ವೆಲ್ಕ್ರೊ. ಅದನ್ನು ಅವನು ಇನ್ನೂ ಹಾಕಿಕೊಂಡಿಲ್ಲ. ಹಾಕಿಕೋ ಅಂತ ನಾನೂ ಹೇಳಿಲ್ಲ. ಅವನ ಗೂಡಿನಲ್ಲಿ, ಅವನ ಕೈಗೆ ಸಿಗುವ ಎತ್ತರದಲ್ಲಿ ಇದೆ.

ಬೆಲ್ಟು ಮತ್ತು ಚೀಲವನ್ನು ಮಾತ್ರ ಅವನು ಬಿಡುವುದಿಲ್ಲ. ನಿದ್ದೆ ಮಾಡುವಾಗ ದಿಂಬಿನ ಪಕ್ಕ ಇರುತ್ತೆ. ಚೀಲದಲ್ಲಿ ಏಳು ಕಲ್ಲು, ಒಂದು ಒಣಗಿದ ಬೀಜ, ಒಂದು ಮುರಿದ ಬಳಪ. ಒಂದೇ ತಿಂಗಳಿಗೆ ಹಸಿರು ರೇಷ್ಮೆಯ ಅಂಚು ಮಂಕಾಯಿತು, ಮುಚ್ಚಳದ ಮೊನೆಯ ಹತ್ತಿರ ಎರಡು ಎಳೆ ಎದ್ದಿವೆ. ಮೊದಲಾಗಿದ್ದರೆ ನನ್ನ ಹೊಟ್ಟೆ ಉರಿಯುತ್ತಿತ್ತು. ಈಗ ಅದನ್ನು ಕೇಳಿ ಪಡೆದು, ಎಳೆಗಳನ್ನು ಸೂಜಿಯಿಂದ ಒಳಕ್ಕೆ ತೆಗೆದುಕೊಂಡು, ವಾಪಸ್ ಕೊಡುತ್ತೇನೆ. ಒಮ್ಮೆ ಅಮ್ಮ ಅವನನ್ನು ಪಕ್ಕ ಕೂರಿಸಿಕೊಂಡು ಬೆಲ್ಟಿನ ಮೇಲಿನ ಆ ಎರಡು ಗೆರೆಗಳ ಮೇಲೆ ಹೆಬ್ಬೆರಳು ಆಡಿಸುತ್ತಿದ್ದಳು. ಅವನು ತಡೆದುಕೊಂಡು ಕೂತಿದ್ದ, ಆಮೇಲೆ "ಅಜ್ಜೀ, ಬಿಡು, ನಂಗೆ ಹೋಗಬೇಕು" ಅಂದ. ಬಿಟ್ಟಳು. ಚೀಲದೊಳಗೆ ಕಲ್ಲು ಗಲಗಲ ಅನ್ನಿಸಿಕೊಂಡು ಓಡಿದ.

ಮೊನ್ನೆ ಅವನ ಗೆಳೆಯನೊಬ್ಬ ಮನೆಗೆ ಬಂದಿದ್ದ. ಹೋದ ಮೇಲೆ ಮಗ ನನ್ನ ಹತ್ತಿರ ಬಂದು ನಿಂತ. "ಅವನಿಗೂ ಒಂದು ಚೀಲ ಬೇಕಂತೆ. ಅಜ್ಜನ ಟೈ ಇನ್ನೂ ಇದೆಯಲ್ವಾ?" ಇದೆ ಅಂದೆ. ಬೀರುವಿನ ಬಾಗಿಲು ತೆಗೆದೆ. ಹತ್ತು ಉಳಿದಿದ್ದವು. ಅವನು ಒಂದೊಂದನ್ನೇ ಬೆರಳಿನಿಂದ ತಳ್ಳುತ್ತಾ ಹೋಗಿ ಮೂಲೆಯಲ್ಲಿದ್ದ ಕೆಂಪು ಟೈಯನ್ನು ಎಳೆದ. ಅಪ್ಪ ಕೆಲಸದ ಕೊನೆಯ ದಿನ ಕಟ್ಟಿಕೊಂಡಿದ್ದದ್ದು ಅದು. ಅದೊಂದನ್ನು ಮಾತ್ರ ಮುಟ್ಟುವುದಿಲ್ಲ ಅಂತ ನನ್ನೊಳಗೇ ಅಂದುಕೊಂಡು ಎಲ್ಲಕ್ಕಿಂತ ಹಿಂದೆ ತಳ್ಳಿಟ್ಟಿದ್ದೆ. "ಇದು ಚೆನ್ನಾಗಿದೆ. ಇದನ್ನೇ ಮಾಡೋಣ" ಅಂದ. ಸ್ವಲ್ಪ ಹೊತ್ತು ಅದನ್ನು ಕೈಯಲ್ಲಿ ಹಿಡಿದುಕೊಂಡು ನಿಂತೆ. ಆಮೇಲೆ ಮೇಜಿನ ಮೇಲೆ ಬೆನ್ನು ಮೇಲೆ ಮಾಡಿ ಹಾಸಿ, ದೀಪ ಹತ್ತಿರ ಎಳೆದುಕೊಂಡು, ಅವನಿಗೆ ಸೂಜಿಯ ತುದಿಯಿಂದ ತೋರಿಸಿದೆ: "ಇಲ್ಲಿ ನೋಡು, ಈ ಅಡ್ಡ ಹೊಲಿಗೆ. ಇದರ ಒಳಗೆ ಒಂದು ದಾರ ಇರುತ್ತೆ."